ಸಹಾಯ ಬೇಕು: ಮಧ್ವರ ಮತದಲ್ಲಿ ಜೀವನಿಗೆ ಆಯ್ಕೆ ಇದೆಯಾ?

ನಮಸ್ಕಾರ. ಎಂಎ ತತ್ವಶಾಸ್ತ್ರ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ದೇವರಿದ್ದೂ ಲೋಕದಲ್ಲಿ ಕೆಡುಕು ಯಾಕೆ ಅನ್ನೋದರ ಮೇಲೆ ಪ್ರಬಂಧ. ಒಂದು ಕಡೆ ಅಮೆರಿಕದ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗಾ, ಇನ್ನೊಂದು ಕಡೆ ಮಧ್ವಾಚಾರ್ಯರು.

ಪ್ಲಾಂಟಿಂಗಾ ವಾದ ಅರ್ಥವಾಯಿತು: ಆಯ್ಕೆ ನಿಜವಾಗಿ ಮನುಷ್ಯನದೇ ಆಗಬೇಕಾದರೆ ಅದನ್ನು ದೇವರು ಮಾಡಿಸುವಂತಿಲ್ಲ. ಸಿಕ್ಕಿಬಿದ್ದಿರೋದು ಮಧ್ವರಲ್ಲಿ. ಬ್ರಹ್ಮಸೂತ್ರದ ‘ಕರ್ತಾ ಶಾಸ್ತ್ರಾರ್ಥವತ್ತ್ವಾತ್’ ಪ್ರಕಾರ ಜೀವ ಕರ್ತೃ, ಅಂದರೆ ಕೆಲಸ ಮಾಡುವವನು. ಸ್ವಲ್ಪ ಮುಂದೆ ‘ಪರಾತ್ತು ತಚ್ಛ್ರುತೇಃ’ ಬಂದಾಗ ಆ ಕರ್ತೃತ್ವವೂ ದೇವರ ಅಧೀನ. ಬ್ರಹ್ಮಸೂತ್ರದ ಮೇಲೆ ಮಧ್ವರು ಬರೆದ ಅನುವ್ಯಾಖ್ಯಾನ, ಅದರ ಮೇಲಿನ ಜಯತೀರ್ಥರ ಟೀಕೆ ನ್ಯಾಯಸುಧಾ ಮೂರು ವಾರದಿಂದ ಓದುತ್ತಿದ್ದೇನೆ, ಪುಟದ ಅಂಚೆಲ್ಲ ಪೆನ್ಸಿಲ್ ಗುರುತು. ಜೀವದ ಅನಾದಿ ಸ್ವಭಾವಕ್ಕೆ ತಕ್ಕಂತೆ ದೇವರು ಮಾಡಿಸುತ್ತಾನೆ ಅನ್ನೋವರೆಗೆ ಸರಿ. ಆಮೇಲೆ ದಾರಿ ಕಾಣುತ್ತಿಲ್ಲ.

ದ್ವೈತ ಓದಿದವರು ದಯವಿಟ್ಟು ಹೇಳಿ: ಈ ಪರಾಧೀನ ಕರ್ತೃತ್ವದಲ್ಲಿ ಜೀವನಿಗೆ ಬೇರೆ ರೀತಿ ಮಾಡುವ ಅವಕಾಶ ಇದೆಯಾ? ಇಲ್ಲದಿದ್ದರೆ ಪ್ಲಾಂಟಿಂಗಾ ಜೊತೆ ಹೋಲಿಕೆಯನ್ನೇ ಕೈಬಿಡಬೇಕಾ?