ತಬ್ಬಿಕೊಳ್ಳೋಕೆ ಮುಂಚೆ ಟೇಪು ಹಿಡಿ

ಚಾಮುಂಡಿಬೆಟ್ಟದ ತಪ್ಪಲು, ಟೀ ಅಂಗಡಿ. ಊರಾಚೆಯ ಕುರುಚಲು ಕಾಡು ಕಡಿದು ಬಡಾವಣೆ ಮಾಡ್ತಾರಂತೆ ಅನ್ನೋ ಸುದ್ದಿ ಬೈಟೂ ಟೀಗಿಂತ ಬಿಸಿಯಾಗಿತ್ತು.

ಪುಟ್ಟ: ನಾಳೆ ಒಬ್ಬೊಬ್ರು ಒಂದೊಂದು ಮರ ತಬ್ಕೊಂಡು ನಿಂತ್ಕಬುಡವಾ ಮೇಷ್ಟ್ರೇ.

ಮೇಷ್ಟ್ರು: ಅಲ್ಲಿ ಅರ್ಧಕ್ಕರ್ಧ ಕಾರೆ, ಜಾಲಿ. ತಬ್ಕೊ, ನೋಡೋಣ.

ಪುಟ್ಟ: ಮತ್ತೇನ್ ಮಾಡವಾ?

ವಕೀಲ್ರು: ಮೊದ್ಲು ಜಮೀನು ಯಾರದು ಅಂತ ತಿಳ್ಕೊ. ಫೋನಿಗೆ ದಿಶಾಂಕ್ ಆ್ಯಪ್ ಹಾಕ್ಕೊಂಡು ನಾಲ್ಕೂ ಮೂಲೇಲಿ ನಿಂತು ಸರ್ವೆ ನಂಬರ್ ಬರ್ಕೊ, ಪಹಣಿ ತೆಗೆಸು. ಗೋಮಾಳವೋ, ದಾರಿ-ಹಳ್ಳದಂಥ ಸಾರ್ವಜನಿಕ ಬಿ ಖರಾಬೋ, ಖಾಸಗಿ ಹಿಡುವಳಿಯೋ ಗೊತ್ತಾಗುತ್ತೆ. ಹಿಡುವಳಿ ಆದ್ರೆ ಭೂಪರಿವರ್ತನೆ, ಅಂದ್ರೆ ಕೃಷಿ ಜಮೀನನ್ನ ಮನೆ ಕಟ್ಟೋಕೆ ಬದಲಾಯ್ಸೋ ಅನುಮತಿ, ಆಗಿದ್ಯಾ ನೋಡು. ಅರಣ್ಯ ಅಂತಿದ್ರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ಕೇಂದ್ರದ ಒಪ್ಪಿಗೆ ಇಲ್ದೆ ಮನೆ ಏಳಲ್ಲ. ಪಹಣೀಲಿ ಇಲ್ದಿದ್ರೂ, ಕಾಡಿನಂತಿದೆ ಅಂತ ಸರ್ಕಾರ ಗುರ್ತಿಸಿರೋ ಪರಿಭಾವಿತ ಅರಣ್ಯದ ಪಟ್ಟಿ ಕೇಳು. ನಿಘಂಟಿನ ಅರ್ಥಕ್ಕೆ ಕಾಡಾಗಿದ್ರೆ ಅದೂ ಅರಣ್ಯವೇ ಅಂತ 1996ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ಪುಟ್ಟ: ನಿಘಂಟು ತರ್ಲಾ?

ಮೇಷ್ಟ್ರು: ಟೇಪು ತಾ. 1976ರ ಮರ ಸಂರಕ್ಷಣಾ ಕಾಯ್ದೇಲಿ 50ಕ್ಕಿಂತ ಹೆಚ್ಚು ಮರ ಕಡಿಯೋದಾದ್ರೆ ಸಾರ್ವಜನಿಕರ ಆಕ್ಷೇಪಣೆ ಕರೀಬೇಕು. ಅದಕ್ಕೇ ಎಣಿಕೆ ಮುಖ್ಯ. ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಕಡಿಯೋಕೆ ಅನುಮತೀನೇ ಬೇಡ, ಅವನ್ನ ಸೇರ್ಸಿ 300 ಅಂತ ಬರೆದ್ಯೋ, ನಿನ್ನ ಅರ್ಜಿ ಪೂರ್ತಿ ಸುಳ್ಳು ಅಂದ್ಬಿಡ್ತಾರೆ. ಹೊಂಗೆ, ಬೇವು, ಮುತ್ತುಗ, ಕಕ್ಕೆ, ದಿಂಡಿಗ ಬೇರೆ ಬೇರೆ ಬರಿ. ಸುತ್ತಳತೆ ಎದೆಮಟ್ಟದಲ್ಲಿ ತಗೊ.

ಪುಟ್ಟ: ಯಾರೆದೆ? ನಂದಾ, ವಕೀಲ್ರುದಾ?

ಮೇಷ್ಟ್ರು: ಯಾರ್ದೂ ಅಲ್ಲ. ನೆಲದಿಂದ 1.37 ಮೀಟರ್. ಕೋಲಿಗೊಂದು ಗುರುತು ಹಾಕ್ಕೊ. ಇಳಿಜಾರಲ್ಲಿ ಮೇಲ್ಗಡೆ ನಿಂತು ಅಳಿ, ಕೆಳಗಿಂದ ಅಳೆದ್ರೆ ಲೆಕ್ಕ ತಪ್ಪುತ್ತೆ.

ವಕೀಲ್ರು: ಇನ್ನೊಂದು. ಇವತ್ತು 48, ಮುಂದಿನ ತಿಂಗಳು 47 ಅಂತ ಚೀಟಿ ಕಂತಿನ ಥರ ಅನುಮತಿ ಕೇಳಿದ್ರೆ, ಸರ್ವೆ ನಂಬರ್ ಒಂದೇ, ಯೋಜನೆ ಒಂದೇ ಅಂತ ಎಲ್ಲ ಅರ್ಜೀನೂ ಒಟ್ಟಿಗೆ ಇಟ್ಟು ತೋರ್ಸು. ಪ್ರತಿಗಳನ್ನ ಆರ್‌ಟಿಐನಲ್ಲಿ ತಗೊ. 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ.

ಪುಟ್ಟ: ಬರೀ 150 ಪದಾನಾ? ‘ಮಾನ್ಯರೇ’ ಅಂತ ಶುರು ಮಾಡಿ ಕ್ಷೇಮ ಕೇಳೋಕೇ ನಂಗೆ ಅಷ್ಟು ಬೇಕು.

ವಕೀಲ್ರು: ಕ್ಷೇಮ ಕೇಳ್ಬೇಡ, ಕಡತ ಕೇಳು. ಉತ್ತರಕ್ಕೆ 30 ದಿನ. ಆಕ್ಷೇಪಣೆ ಗಡುವು ಅಲ್ಲೀವರೆಗೂ ಕಾಯಲ್ಲ, ಅದನ್ನ ಮೊದ್ಲು ಕೊಡು. ಎರಡು ಪ್ರತಿ ಮಾಡಿ ಒಂದಕ್ಕೆ ಸೀಲು ಹಾಕಿಸ್ಕೊ. ಬಡಾವಣೆ 50 ಹೆಕ್ಟೇರ್ ಮುಟ್ಟಿದ್ರೆ ಪರಿಸರ ಅನುಮತೀನೂ ಬೇಕು. ಅದನ್ನ ಕೊಟ್ಟುಬಿಟ್ರೆ 30 ದಿನದೊಳಗೆ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ.

ಮೇಷ್ಟ್ರು: ಎಣಿಸಿದ ಮರಕ್ಕೆ ಸೆಣಬಿನ ದಾರ ಕಟ್ಟು, ಇಲ್ಲಾಂದ್ರೆ ಒಂದೇ ಹೊಂಗೆ ಮೂರ್ಸಲ ಲೆಕ್ಕಕ್ಕೆ ಬರುತ್ತೆ. ಮೊಳೆ ಹೊಡೀಬೇಡ. ಬಣ್ಣದಲ್ಲಿ ನಂಬರಂತೂ ಬರೀಲೇಬೇಡ, ಕಡಿಯೋಕೆ ಗುರ್ತು ಹಾಕವ್ರೆ ಅಂದ್ಕೊಂಡು ಕೊಡಲಿ ಹಾಕ್ಬುಟ್ಟಾರು.

ಪುಟ್ಟ ಬೆಂಚಿನ ಕೆಳಗಿದ್ದ ಬಣ್ಣದ ಡಬ್ಬವನ್ನು ಮೆಲ್ಲಗೆ ಕಾಲಲ್ಲಿ ಹಿಂದಕ್ಕೆ ತಳ್ಳಿದ.