ಸಹಾಯ ಬೇಕು: 3 ಕೆಜಿ ಮಗುವಿಗೆ ಸರಿಹೊಂದುವ ಸ್ಲೀಪಿಂಗ್ ಬ್ಯಾಗ್

3 ಕೆಜಿಯ ನವಜಾತ ಮಗುವಿಗೆ ತೋಳಿಲ್ಲದ ಹತ್ತಿ ಸ್ಲೀಪಿಂಗ್ ಬ್ಯಾಗ್ (ಹೊದಿಕೆಯ ಬದಲು ಮಗುವಿಗೆ ತೊಡಿಸುವ ಚೀಲ) ಬೇಕು. ಸಿಗುವ ಹೆಚ್ಚಿನವು 4 ಕೆಜಿ ಮೇಲ್ಪಟ್ಟ ಮಕ್ಕಳಿಗೆ. ಬ್ಯಾಗಿನ ಕತ್ತು ಅಗಲವಿದ್ದರೆ ಮಗು ಒಳಗೆ ಜಾರಿ, ಬಟ್ಟೆ ಮೂಗು-ಬಾಯಿ ಮುಚ್ಚುವ ಅಪಾಯವಿದೆ. ಗುಂಡಿ ಹಾಕಿದ ಮೇಲೆ ಕತ್ತಿನ ಬಳಿ ಒಂದೆರಡು ಬೆರಳಷ್ಟೇ ಹಿಡಿಸಬೇಕು, ತಲೆ ತೂರಲೇಬಾರದು. ಕೆಳಗೆ ಮಾತ್ರ ಕಾಲು ಮಡಚಿ ಅಗಲಿಸುವಷ್ಟು ಸಡಿಲವಿರಲಿ. ಕೋಣೆ 24–25 ಡಿಗ್ರಿ ಇರುತ್ತದೆ, 0.5 ಟಾಗ್ (ಬಟ್ಟೆ ಎಷ್ಟು ಬೆಚ್ಚಗಿಡುತ್ತದೆ ಎಂಬುದರ ಅಳತೆ) ಸಾಕು. ಮಲಗಿಸುವಾಗ ಟೋಪಿ ಹಾಕುವುದಿಲ್ಲ, ಮೈ ಬಿಸಿ ತಲೆಯಿಂದಲೂ ಹೊರಹೋಗಬೇಕಲ್ಲ. (ಅಂಗೈ ತಣ್ಣಗಿರುವುದು ಸಹಜ, ಎದೆ, ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು.)

ಇನ್ನೊಂದು, ಗಟ್ಟಿ ಹಾಸಿಗೆಯ ಹತ್ತಿ ಶೀಟ್ ಒಗೆದ ಮೇಲೆ ಕುಗ್ಗಿ ಮೂಲೆ ಕಳಚುತ್ತಿದೆ. 10 ಸೆಂ.ಮೀ. ದಪ್ಪದ ಹಾಸಿಗೆಯ ಅಡಿವರೆಗೂ ಬರುವ, ಸುತ್ತಲೂ ಎಲಾಸ್ಟಿಕ್ ಇರುವ ಶೀಟ್ ಯಾವುದು? ದಿಂಬು, ಬಂಪರ್ (ತೊಟ್ಟಿಲಿನ ಒಳಬದಿಗೆ ಕಟ್ಟುವ ಮೆತ್ತೆ), ಹೊದಿಕೆ ದಯವಿಟ್ಟು ಸೂಚಿಸಬೇಡಿ, ತೊಟ್ಟಿಲಲ್ಲಿ ಅವ್ಯಾವುವೂ ಇಡುವುದಿಲ್ಲ.