ಎಣ್ಣೆ ಬಿಟ್ಟ ಮೇಲೆ ನಿದ್ರೆಯೇ ಇಲ್ಲ. ಎಷ್ಟು ದಿನ ಹೀಗೆ?

ಹಿಪ್ಪುನೇರಳೆ ತೋಟ:

ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ಇದೆ, ಮನೆ ಪಕ್ಕದಲ್ಲೇ ರೇಷ್ಮೆ ಹುಳು ಮನೆ. ಈ ಸಲ ಹೊಸತೊಡಕು ಮುಗಿದ ಮೇಲೆ ಕುಡಿಯುವುದನ್ನು ಬಿಟ್ಟೆ. ಅದಕ್ಕೆ ಮುಂಚೆ ದಿನಾ ರಾತ್ರಿ ಒಂದು ಕ್ವಾರ್ಟರ್, ಗೂಡು ಮಾರಿದ ದಿನ ಇನ್ನೂ ಜಾಸ್ತಿ. ಯಾಕೆ ಬಿಟ್ಟೆ ಅನ್ನುವುದು ದೊಡ್ಡ ಕಥೆ, ಇಲ್ಲಿ ಬೇಡ.

ಮೊದಲ ವಾರ ಕೈ ನಡುಕ, ಬೆವರು ಇತ್ತು. ಡಾಕ್ಟರು ಮಾತ್ರೆ, ಬಿ ವಿಟಮಿನ್ ಸೂಜಿ ಕೊಟ್ಟು ನೋಡಿಕೊಂಡರು. ಅದೆಲ್ಲ ಹೋಯಿತು. ಊಟ ಸೇರುತ್ತಿದೆ, ಮುದ್ದೆ ಎರಡಾಗಿದೆ. ನಿದ್ರೆ ಮಾತ್ರ ಇಲ್ಲ. ಹತ್ತೂವರೆಗೆ ಕೊನೇ ಸೊಪ್ಪು ಹಾಕಿ ಮಲಗಿದರೆ ಹನ್ನೆರಡೂವರೆ ತನಕ ಬರೀ ಮಗ್ಗಲು ಬದಲಾಯಿಸುವುದೇ. ಮೂರಕ್ಕೆ ಮತ್ತೆ ಎಚ್ಚರ. ಇನ್ನೇನು ಕಣ್ಣು ಅಂಟಿತು ಅನ್ನುವಾಗ ಸೊಪ್ಪು ಕೊಯ್ಯುವ ಹೊತ್ತಾಗಿರುತ್ತದೆ. ನಡುವೆ ಬಂದ ನಿದ್ರೆಯಲ್ಲೂ ಕನಸು. ಕನಸಲ್ಲಿ ನಾನು ಬಾರಿನಲ್ಲಿ ಕೂತು ಕುಡಿದಿರುತ್ತೇನೆ. ಎದ್ದು ಕೈಗೆ ಉಸಿರು ಬಿಟ್ಟು ವಾಸನೆ ನೋಡಿಕೊಳ್ಳುತ್ತೇನೆ.

ಹುಳು ಜ್ವರಕ್ಕೆ ಕೂತರೆ, ಅಂದರೆ ಪೊರೆ ಬಿಡುವ ಮುಂಚೆ ನಿದ್ರೆಗೆ ಹೋದರೆ, ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡುವುದಿಲ್ಲ. ತಟ್ಟೆ ಮುಂದೆ ನಿಂತು ಅವನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇದು ಎಷ್ಟು ದಿನ ಇರುತ್ತದೆ? ಮೆಡಿಕಲ್ ಶಾಪಿನಲ್ಲಿ ನಿದ್ರೆ ಮಾತ್ರೆ ಕೇಳಿ ತಗೊಳ್ಳಬಹುದಾ? ನಮ್ಮ ಬಾಮೈದ ಇದ್ದಾನೆ. "ಭಾವ, ಒಂದೇ ಒಂದು ತೊಂಬತ್ತು ಹಾಕಿ ಮಲಗಿ, ಅದು ಕುಡಿತ ಅಲ್ಲ, ಔಷಧಿ" ಅನ್ನುತ್ತಾನೆ. ನಗು ಬರುತ್ತದೆ. ಆದರೆ ರಾತ್ರಿ ಮೂರು ಗಂಟೆಗೆ ಅದೇ ಮಾತು ಸರಿ ಅನ್ನಿಸುತ್ತದೆ.

ಗೌರಿಬಿದನೂರು ಹುಡುಗ:

ಗಸಗಸೆ ಪಾಯಸ ಕುಡಿದು ಮಲಗಿ ಅಣ್ಣ. ನಮ್ಮಜ್ಜಿ ಅದನ್ನೇ ಕೊಡುತ್ತಿದ್ದರು. ಗೊರಕೆ ಗ್ಯಾರಂಟಿ.

ನೈಟ್ ಡ್ಯೂಟಿ ಅಕ್ಕ:

ಚಿಂತಾಮಣಿಯವಳು. ಕುಡಿತ ಬಿಡಿಸುವ ವಾರ್ಡಿನಲ್ಲಿ ನರ್ಸ್ ಆಗಿ ತುಂಬಾ ವರ್ಷ ರಾತ್ರಿ ಪಾಳಿ ಮಾಡಿದ್ದೇನೆ. ರಾತ್ರಿ ಮೂರಕ್ಕೆ ಕಾರಿಡಾರಿನಲ್ಲಿ ಓಡಾಡುವ ಗಂಡಸರನ್ನು ನೋಡಿದಷ್ಟು ಬೇರೇನೂ ನೋಡಿಲ್ಲ. ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಪಾಯಸ ಕುಡಿಯಿರಿ, ರುಚಿಗೆ. ಮದ್ದು ಅಂತ ನಂಬಿಕೊಳ್ಳಬೇಡಿ.

ಮೆದುಳಿಗೆ ಒಂದು ಬ್ರೇಕ್ ಇದೆ, ಗಾಬಾ ಅಂತ. ಒಂದು ಆಕ್ಸಿಲರೇಟರ್ ಇದೆ, ಗ್ಲುಟಮೇಟ್. ಎಣ್ಣೆ ದಿನಾ ಬ್ರೇಕ್ ಒತ್ತುತ್ತದೆ. ವರ್ಷಗಟ್ಟಲೆ ಹೊರಗಿನವರು ಬ್ರೇಕ್ ಒತ್ತಿದರೆ ಮೆದುಳು ತನ್ನ ಬ್ರೇಕನ್ನು ಸಡಿಲ ಮಾಡಿಕೊಂಡು ಆಕ್ಸಿಲರೇಟರ್ ಜಾಸ್ತಿ ಮಾಡಿಕೊಳ್ಳುತ್ತದೆ. ಈಗ ಎಣ್ಣೆ ನಿಂತಿದೆ, ಆಕ್ಸಿಲರೇಟರ್ ಇನ್ನೂ ಪೂರ್ತಿ ಇಳಿದಿಲ್ಲ. ನಡುಕ ಒಂದು ವಾರದಲ್ಲಿ ಹೋಗುತ್ತದೆ. ನಿದ್ರೆ ಸರಿಹೋಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ನಿಮಗೆ ಆಗುತ್ತಿರುವುದು ವಿಚಿತ್ರವೇನಲ್ಲ.

ಕನಸಿನ ವಿಷಯವೂ ಅಷ್ಟೆ. ಕನಸು ಜಾಸ್ತಿ ಬೀಳುವ ಹಂತಕ್ಕೆ ಆರ್‌ಇಎಂ ನಿದ್ರೆ ಅನ್ನುತ್ತಾರೆ. ಕುಡಿತ ಅದನ್ನು ಅದುಮಿಡುತ್ತದೆ, ಬಿಟ್ಟಾಗ ಒಟ್ಟಿಗೆ ಉಕ್ಕಿ ಬರುತ್ತದೆ. ಕುಡಿದ ಹಾಗೆ ಕನಸು ಬಿದ್ದರೆ ಮನಸ್ಸು ಕೆಟ್ಟಿದೆ ಅಂತಲ್ಲ. ವಾರ್ಡಿನಲ್ಲಿ ಎಷ್ಟೋ ಜನ ಬೆಳಿಗ್ಗೆ ಎದ್ದು ಅದನ್ನು ಹೇಳಿ ಅತ್ತಿದ್ದಾರೆ.

ಇನ್ನು ಬಾಮೈದ. ತೊಂಬತ್ತು ಹಾಕಿದರೆ ಬೇಗ ನಿದ್ರೆ ಹತ್ತುತ್ತದೆ, ನಿಜ. ನಾಲ್ಕೈದು ಗಂಟೆಯಲ್ಲಿ ಅದು ರಕ್ತದಿಂದ ಇಳಿದು ಹೋದಾಗ ಎಚ್ಚರವಾಗುತ್ತದೆ. ಗೊರಕೆ, ಉಸಿರು ಕಟ್ಟುವುದು ಜಾಸ್ತಿಯಾಗುತ್ತದೆ. ನಾಳೆ ತೊಂಬತ್ತು ಸಾಲುವುದಿಲ್ಲ. ಇದು ಬಾಮೈದನಿಗೂ ಗೊತ್ತು, ಅವನಿಗೆ ಜೊತೆಗಾರ ಬೇಕು ಅಷ್ಟೆ. ಕಟುವಾಯಿತಾ? ಆಗಲಿ.

ಅಂಗಡಿ ಮಾತ್ರೆ ಬೇಡ. ಆಲ್‌ಪ್ರಜೋಲಮ್, ಕ್ಲೋನಜೆಪಮ್ ಎರಡೂ ಅದೇ ಗಾಬಾ ಬ್ರೇಕನ್ನೇ ಒತ್ತುತ್ತವೆ. ಮೊದಲ ವಾರ ಡಾಕ್ಟರು ಕೊಡುವುದೂ ಸಾಮಾನ್ಯವಾಗಿ ಅದೇ ಜಾತಿಯ ಮಾತ್ರೆ. ಆದರೆ ಅವರು ದಿನದಿನಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಅಂಗಡಿಯಲ್ಲಿ ಇಳಿಸುವವರು ಯಾರೂ ಇಲ್ಲ. ನಿದ್ರೆಗೆ ಅಭ್ಯಾಸ ಹತ್ತದ ಔಷಧಿಗಳೂ ಇವೆ, ಅದನ್ನು ಮನೋವೈದ್ಯರೇ ನಿಮ್ಮ ಲಿವರ್ ನೋಡಿ ಬರೆಯಬೇಕು.

ಈಗ ಮಾಡುವ ಕೆಲಸ. ಏಳುವ ಹೊತ್ತು ಗಟ್ಟಿ ಮಾಡಿಕೊಳ್ಳಿ. ರಾತ್ರಿ ಹೇಗೇ ಕಳೆದಿರಲಿ, ಐದೂವರೆಗೆ ಎದ್ದು ತೋಟಕ್ಕೆ ಹೋಗಿ. ಹತ್ತೂವರೆಗೆ ಮಲಗಬೇಡಿ, ನಿದ್ರೆ ಬರುವುದೇ ಹನ್ನೆರಡರ ಮೇಲೆ ಅಲ್ವಾ? ಹನ್ನೆರಡಕ್ಕೇ ಮಲಗಿ. ಹಾಸಿಗೆಯಲ್ಲಿ ಐದೂವರೆ ಗಂಟೆ, ಅದಕ್ಕಿಂತ ಕಡಿಮೆ ಮಾಡಬಾರದು. ಸುಮಾರು 20 ನಿಮಿಷ ನಿದ್ರೆ ಬರಲಿಲ್ಲ ಅನ್ನಿಸಿದರೆ ಎದ್ದು ಹೊರಗೆ ಜಗಲಿ ಮೇಲೆ ಕೂತುಕೊಳ್ಳಿ, ಮೊಬೈಲ್ ಇಲ್ಲದೆ. ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ಒಂದು ವಾರ ಮಲಗಿದ ಹೊತ್ತೆಲ್ಲ ನಿದ್ರೆ ಬಂದರೆ 15 ನಿಮಿಷ ಬೇಗ ಮಲಗಿ, ಹಾಗೇ ಹಿಂದಕ್ಕೆ ಬನ್ನಿ. ಮೊದಲ ಹತ್ತು ದಿನ ಇನ್ನೂ ಸುಸ್ತಾಗುತ್ತದೆ, ಆಗ ದೂರ ಬೈಕ್ ಓಡಿಸಬೇಡಿ. ಫಿಟ್ಸ್ ಬಂದ ಇತಿಹಾಸ ಇದ್ದವರು ಡಾಕ್ಟರನ್ನು ಕೇಳದೆ ಹೀಗೆ ಮಲಗುವ ಹೊತ್ತು ಕಡಿಮೆ ಮಾಡಬಾರದು.

ಹಗಲು ನಿದ್ರೆ ಬೇಡ. ಮಧ್ಯಾಹ್ನದ ಮೇಲೆ ಟೀ ಬೇಡ. ಬೀಡಿ ಸೇದುವುದಾದರೆ ಮಲಗುವ ಮುಂಚೆ ಅದೂ ಬೇಡ, ಅದು ಎಚ್ಚರ ಮಾಡಿಸುತ್ತದೆ.

ಮನಸ್ಸು ತೀರಾ ಕುಗ್ಗಿದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ರಾತ್ರಿ ಮೂರಕ್ಕೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಟೊಮೆಟೊ ಲೋಡು:

ಕೋಲಾರ ಎಪಿಎಂಸಿಯಿಂದ ಲೋಡು ಹೊಡೆಯುವವನು. ಬಿಟ್ಟು ವರ್ಷಗಳಾದವು. ಅಕ್ಕ ಹೇಳಿದ್ದೆಲ್ಲ ಸರಿ. ಒಂದು ಮಾತು ಸೇರಿಸುತ್ತೇನೆ: ರಾತ್ರಿಗಿಂತ ಸಂಜೆ ಏಳರಿಂದ ಒಂಬತ್ತು ಜಾಸ್ತಿ ಕಷ್ಟ. ಬಾರಿನಲ್ಲಿ ಕೂರುತ್ತಿದ್ದ ಹೊತ್ತು ಅದು. ಖಾಲಿ ಕೂತರೆ ತಲೆ ಅಲ್ಲೇ ಸುತ್ತುತ್ತದೆ, ಅದನ್ನೇ ಹಾಸಿಗೆಗೂ ತಗೊಂಡು ಹೋಗುತ್ತೇವೆ. ನಾನು ಆ ಹೊತ್ತಿಗೆ ಲಾರಿ ತೊಳೆಯುತ್ತಿದ್ದೆ. ಕೋಲಾರದಲ್ಲಿ ಅಷ್ಟು ಫಳಫಳ ಅನ್ನುವ ಲಾರಿ ಇನ್ನೊಂದಿರಲಿಲ್ಲ.

ಬೆಂಗಳೂರಿಗೆ ಲೋಡು ಹೋದಾಗ ಅಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗುತ್ತೇನೆ, ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಸೇರುವ ಸಭೆ. ಕಾಸಿಲ್ಲ, ಹೆಸರು ಹೇಳಬೇಕಾಗಿಲ್ಲ. ಮೂರು ಗಂಟೆ ಎಚ್ಚರದ ವಿಷಯ ಅಲ್ಲಿ ತೆಗೆದರೆ ಎಲ್ಲರೂ ತಲೆ ಆಡಿಸುತ್ತಾರೆ.

ಎದ್ದು ಜಗಲಿಗೆ ಹೋಗುವುದು ನನಗೆ ಆಗಿಬರಲಿಲ್ಲ. ಎದ್ದರೆ ಬೀಡಿ, ಬೀಡಿ ಆದರೆ ಯೋಚನೆ. ಮಲಗಿದಲ್ಲೇ ಉಸಿರು ನೋಡಿಕೊಂಡು ಇರುತ್ತಿದ್ದೆ.

ಮುಳಬಾಗಿಲು ಮನೆಯಾಕೆ:

ನೈಟ್ ಡ್ಯೂಟಿ ಅಕ್ಕ, ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಯಜಮಾನರು ಬೆಳಿಗ್ಗೆ ಎದ್ದ ತಕ್ಷಣ ಶುರು ಮಾಡುತ್ತಾರೆ, ಇಲ್ಲದಿದ್ದರೆ ಕೈ ನಡುಗುತ್ತದೆ. ಸೋಮವಾರದಿಂದ ಒಂದೇ ಸಲ ನಿಲ್ಲಿಸುತ್ತೇನೆ ಅಂತ ದೇವರ ಮುಂದೆ ಆಣೆ ಇಟ್ಟಿದ್ದಾರೆ. ಇನ್ನೊಬ್ಬರು ಸಾರಿನಲ್ಲಿ ಗೊತ್ತಾಗದ ಹಾಗೆ ಕಲಸುವ ಮಾತ್ರೆ ಇದೆ ಅಂದರು. ಯಾವುದು ಒಳ್ಳೆಯದು?

ನೈಟ್ ಡ್ಯೂಟಿ ಅಕ್ಕ:

ಎರಡೂ ಬೇಡ ತಾಯಿ. ಬೆಳಿಗ್ಗೆ ನಡುಗುವವರು ಮನೆಯಲ್ಲಿ ಒಂದೇ ಸಲ ನಿಲ್ಲಿಸಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಭ್ರಮೆ ಹತ್ತುತ್ತದೆ, ಇಲ್ಲದವರು ಕಾಣಿಸುತ್ತಾರೆ, ಜ್ವರ ಬರುತ್ತದೆ. ಅದರಲ್ಲಿ ಸತ್ತವರಿದ್ದಾರೆ. ಆಣೆ ಇರಲಿ, ಅದನ್ನು ಆಸ್ಪತ್ರೆಯಲ್ಲಿ ನಡೆಸಲಿ. ಸೋಮವಾರ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬೆಂಗಳೂರಿಗೆ ಹೋಗುವ ಶಕ್ತಿ ಇದ್ದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಅಲ್ಲಿಯವರೆಗೆ ನೀವಾಗಿ ನಿಲ್ಲಿಸಬೇಡಿ.

ಸಾರಿನಲ್ಲಿ ಕಲಸುವುದು ಹೆಚ್ಚಾಗಿ ಡೈಸಲ್ಫಿರಾಮ್. ಅದು ಹೊಟ್ಟೆಯಲ್ಲಿದ್ದು ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಬಿದ್ದುಹೋಗುತ್ತದೆ. ಅದನ್ನು ಗೊತ್ತಿದ್ದು, ಒಪ್ಪಿ, ಡಾಕ್ಟರು ಹೇಳಿದ ಮೇಲೆ ತಗೊಳ್ಳಬೇಕು. ಗೊತ್ತಿಲ್ಲದೆ ಕೊಟ್ಟರೆ ಜೀವಕ್ಕೇ ಅಪಾಯ.

ಹಿಪ್ಪುನೇರಳೆ ತೋಟ:

ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ವಾರ ಚಾಕಿ ಹುಳು (ಮರಿ ಹುಳು) ಬರುತ್ತದೆ, ನಾಲ್ಕನೇ ಜ್ವರ ಎದ್ದ ಮೇಲೆ ಹೇಗೂ ಕೊನೇ ಸೊಪ್ಪು ಹನ್ನೊಂದು ದಾಟುತ್ತದೆ. ಹನ್ನೆರಡಕ್ಕೆ ಮಲಗುವುದು ಕಷ್ಟವಿಲ್ಲ. ಹಗಲು ನಿದ್ರೆಯನ್ನೂ ಬಿಡುತ್ತೇನೆ. ಸಂಜೆ ನಾಲ್ಕರ ಟೀ ಮಾತ್ರ ಬಿಡಲು ಆಗುವುದಿಲ್ಲ ಅಕ್ಕ, ಈಗಾಗಲೇ ಒಂದು ಬಿಟ್ಟಿದ್ದೇನೆ.

ನೈಟ್ ಡ್ಯೂಟಿ ಅಕ್ಕ:

ಎರಡಕ್ಕೆ ಕುಡಿಯಿರಿ. ಅರ್ಧ ಲೋಟ.